ಹಳೇ ಮೆಮೊರಿ

ತನುಜಾ ಗೇರನ್ನು ಮುಂದಕ್ಕೆ ಹಾಕಿದರೂ ಅವಳ ಸ್ಕೂಲ್ ವ್ಯಾನು ಚಕ್ರದ ಮುಂದಿಟ್ಟ ನಿಂಬೆಹಣ್ಣುಗಳನ್ನು ಮುಟ್ಟದೆ ಹಿಂದಕ್ಕೆ ಸರಿಯಿತು. ಭದ್ರಾವತಿಯ ಮೆಕ್ಯಾನಿಕ್ ದುಶ್ಯಂತನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಒಂದು ಲಾರಿ ಅದರೊಳಗೆ ನುಗ್ಗಿ ಯೂಟರ್ನ್ ಹೊಡೆದು ಬರಬಹುದಿತ್ತು. ಶಿವಮೊಗ್ಗದಲ್ಲಿ ಗೇರು ಕೆಮ್ಮಿದರೆ ಇಲ್ಲಿಂದಲೇ ಮದ್ದು ಹೇಳುವ ಕಿವಿ ಅವನದು!

"ಏನ್ ಮಾರಾಯ, ಕೆಟ್ಟಿದ್ದು ಕಿತ್ತು ಹೊಸ ಗೇರ್ ಕಂಪ್ಯೂಟರ್ ಹಾಕಿದೀನಿ ಅಂದ್ಯಲ್ಲ?"

"ಹೊಸದೇ ಅಕ್ಕ... ಅಂದ್ರೆ, ಗಾಜನೂರು ಚಾನೆಲ್ ನೀರಿಗೆ ಬಿದ್ದಿತ್ತಲ್ಲ, ಆ ಸ್ಕೂಲ್ ವ್ಯಾನಿಂದು. ಹಳೇ ಮೆಮೊರಿ ಅಳಿಸಿ ಹಾಕ್ಬೇಕಿತ್ತು. ನೀವೇ ರಾಹುಕಾಲ ಬಂತು, ಬೇಗ ಬೇಗ ಅಂದ್ರಿ!"

"ಅದರ ಡ್ರೈವರ್ರು?"

"ಹೆಣಾನೂ ಸಿಗ್ಲಿಲ್ಲ ಅಕ್ಕ."

ತನುಜಾಳ ಮುಖ ಸುಣ್ಣದಂತಾಯಿತು. ನಾಳೆ ಬೆಳಗ್ಗೆ ಅರ್ಧ ಊರಿನ ಮಕ್ಕಳು ಹತ್ತುವುದು ಇದೇ ಗಾಡಿಗೆ. ಅವಳು ಎಂಜಿನ್ ಆರಿಸಿ, ಕೀ ಕಿತ್ತುಕೊಂಡು ಕೆಳಗೆ ಹಾರಿದಳು. ದುಶ್ಯಂತ ಬಾನೆಟ್ ಎತ್ತಿ ಆ ಗೇರ್ ಕಂಪ್ಯೂಟರಿನ ಕಪ್ಪು ಪೆಟ್ಟಿಗೆಯನ್ನು ಬಿಚ್ಚಿ ತೆಗೆದ. ಕಾವಲಿಯಂಥ ಬಿಸಿಲಿನಲ್ಲೂ ಅದು ಐಸ್‌ಕ್ಯಾಂಡಿಯಷ್ಟು ತಣ್ಣಗಿತ್ತು.

"ಮುಗೀತು ಅಕ್ಕ, ಇನ್ನು ಇದರ ಆಟ ನಡೆಯಲ್ಲ," ಎಂದು ಅವನು ಎದೆಯುಬ್ಬಿಸಿದ.

ಕೀ ಇಲ್ಲದ ಆ ಖಾಲಿ ವ್ಯಾನು, ಮನೆಬಾಗಿಲಲ್ಲಿ ನಿಂತು ಮಕ್ಕಳನ್ನು ಕರೆಯುವ ಹಾಗೆ, ಮೆಲ್ಲಗೆ ಎರಡು ಸಲ ಹಾರ್ನ್ ಹೊಡೆಯಿತು.