ಮನೆಯವರ ಮಾತು

ಅಮೆಜಾನಿನ ಒಂದು ಉಪನದಿಯ ದಡದಲ್ಲಿ ಒಂದು ಭಾಷೆ ಕೊನೆಯುಸಿರು ಎಳೆಯುತ್ತಿತ್ತು. ಹಿಂದೆ ಯಾರೋ ಪಾದ್ರಿ ಗೀಚಿಟ್ಟಿದ್ದ ಒಂದಿಷ್ಟು ಪದ ಬಿಟ್ಟರೆ ಅದರ ಬಗ್ಗೆ ಲೋಕಕ್ಕೆ ಏನೂ ಗೊತ್ತಿರಲಿಲ್ಲ. ಅದನ್ನು ಆಡಬಲ್ಲವಳು ಉಳಿದಿದ್ದು ಒಬ್ಬಳೇ ಮುದುಕಿ. ಅವಳ ಮಗಳಿಗೆ ಕೇಳಿದರೆ ಅರ್ಥವಾಗುತ್ತಿತ್ತು, ಆಡಲು ಬರುತ್ತಿರಲಿಲ್ಲ.

ಭಾಷಾ ಪಂಡಿತನೊಬ್ಬ ರೆಕಾರ್ಡರ್ ಹಿಡಿದು ಬಂದು ಅವಳ ಜಗಲಿಯಲ್ಲೇ ಠಿಕಾಣಿ ಹೂಡಿದ. ಮುದುಕಿ ಸ್ಪ್ಯಾನಿಷಿನಲ್ಲಿ ಊರ ಸುದ್ದಿಯನ್ನೆಲ್ಲ ಹರಟಿದಳು, ಮೀನು ಸುಟ್ಟು ತಿನ್ನಿಸಿದಳು. ತನ್ನ ಭಾಷೆಯಲ್ಲಿ ಮಾತ್ರ ತುಟಿ ಬಿಚ್ಚಲಿಲ್ಲ.

"ಒಂದೇ ಒಂದು ಮಾತು, ಅಜ್ಜಿ!"

"ಆಗಲ್ಲಪ್ಪ. ಅದು ಮನೆಯವರ ಮುಂದೆ ಮಾತ್ರ ಆಡೋ ಮಾತು. ಹೊರಗಿನವರ ಕಿವಿಗೆ ಬೀಳಬಾರದು."

"ಹಾಗಾದ್ರೆ ನಾನು ಮನೆಯವನಾಗೋದು ಹೇಗೆ?"

ಮುದುಕಿ ಒಲೆಯ ಮುಂದಿದ್ದ ಮಗಳ ಕಡೆ ನೋಡಿದಳು. ಮಗಳು ಪಂಡಿತನ ಕಡೆ ನೋಡಿದಳು. ಪಂಡಿತ ರೆಕಾರ್ಡರಿನ ಕಡೆ ನೋಡಿದ.

ನಲವತ್ತು ದಾಟಿದ ಬ್ರಹ್ಮಚಾರಿ ಅವನು, ಮಗಳೂ ನಗುಮೊಗದವಳೇ. ಭಾಷೆಗೂ ಆಯಿತು, ಬಾಳಿಗೂ ಆಯಿತು ಎಂದುಕೊಂಡು ಹೂಂ ಅಂದುಬಿಟ್ಟ. ಮರಗೆಣಸಿನ ಹೆಂಡ ಹರಿಸಿ ಊರವರು ಮದುವೆ ಮಾಡಿಸಿದರು.

ಮಾರನೆಯ ಬೆಳಿಗ್ಗೆ ಅವನು ರೆಕಾರ್ಡರಿಗೆ ಹೊಸ ಬ್ಯಾಟರಿ ಹಾಕಿಕೊಂಡು ಮುದುಕಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ.

"ಶುರು ಮಾಡಿ, ಅತ್ತೆ."

ಮುದುಕಿ ಬಟ್ಟೆಯಿಂದ ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಅವಳ ಬಾಯಿಂದ ಸ್ಪ್ಯಾನಿಷೂ ಹೊರಡಲಿಲ್ಲ.

"ಏನಾಯ್ತು ಇವರಿಗೆ? ನಿನ್ನೆವರೆಗೂ ಚೆನ್ನಾಗೇ ಮಾತಾಡ್ತಿದ್ರಲ್ಲ!"

"ನಿನ್ನೆವರೆಗೂ ನೀವು ಅಳಿಯ ಆಗಿರ್ಲಿಲ್ವಲ್ಲ," ಎಂದಳು ಹೆಂಡತಿ, ಮೀನು ಬಡಿಸುತ್ತಾ. "ನಮ್ಮಲ್ಲಿ ಅಳಿಯನ ಎದುರಿಗೆ ಅತ್ತೆ ಸಾಯೋವರೆಗೂ ಬಾಯಿ ತೆರೆಯೋ ಹಾಗಿಲ್ಲ."