ತೆರೆ ಒಯ್ದ ಉತ್ತರ

ಕಡಲೊಳಗಿನವರ ಮಕ್ಕಳು ದಡದ ಶಾಲೆ ಸೇರಬೇಕಾದರೆ ಕನ್ನಡದಲ್ಲಿ ಬರೆದು ತೇರ್ಗಡೆಯಾಗಬೇಕೆಂಬುದು ಆ ತೀರದ ವಾಡಿಕೆ. ಬರೆಯುವುದು ಮರಳಿನ ಮೇಲೆ. ತೆರೆ ಅಳಿಸಿದ್ದಕ್ಕೆ ಅಂಕವಿಲ್ಲ. ಆ ವರ್ಷ ಕೊಟ್ಟ ವಿಷಯ ‘ನಮ್ಮ ಮನೆ’.

ಒಣಮರಳಿನ ಬರಹಗಳನ್ನೆಲ್ಲ ತಿದ್ದಿ ಮುಗಿಸಿದ ನಾಗವೇಣಿ ಅಕ್ಕೋರು ಕೊನೆಯ ಹುಡುಗಿಯ ಬಳಿ ಬಂದರು. ನೀರಂಚೇ ಭದ್ರವೆಂದು ಬಗೆದ ಆ ಮಗು ಅಲ್ಲಿಯೇ ಬರೆದಿತ್ತು. ಉಳಿದದ್ದು ಒಂದೇ ಸಾಲು: ‘ನಮ್ಮ ಮನೆಗೆ ಬಾಗಿಲಿಲ್ಲ.’

“ಸೊನ್ನೆ ಹಾಕಿ ಅಕ್ಕೋರೆ, ಹೊತ್ತಾಯ್ತು,” ಎಂದರು ಜೊತೆಗಿದ್ದ ಗಣಪಯ್ಯ ಮಾಸ್ತರು. ಅಕ್ಕೋರಿಗೆ ಕೈ ಬರಲಿಲ್ಲ.

ಅಷ್ಟರಲ್ಲಿ ಹುಡುಗಿಯ ತಾಯಿ ನೀರಿನಿಂದ ತಲೆಯೆತ್ತಿದಳು. “ತೆರೆ ಬರೂಕಿಂತ ಮುಂಚೆ ನಾ ಓದಿದ್ದೆ. ಹೇಳ್ಲಾ?”

“ಹೆತ್ತವಳ ಸಾಕ್ಷಿ ನಂಬೂದು ಹ್ಯಾಂಗೆ?” ಮಾಸ್ತರು ನಕ್ಕರು.

“ಹೇಳಮ್ಮ,” ಎಂದರು ಅಕ್ಕೋರು.

“‘ಯಾರು ಬೇಕಾದರೂ ಒಳಗೆ ಬರಬಹುದು. ಮೀನುಗಳೂ ಬರುತ್ತವೆ. ನಮ್ಮ ಅಜ್ಜಿ ಒಳ್ಳೆಯವಳು.’” ತಾಯಿ ಮಗಳತ್ತ ತಿರುಗಿದಳು. “‘ಅಮ್ಮ ಸೋಮಾರಿ. ಮನೆ ಗುಡಿಸುವುದೆಲ್ಲ ಅಜ್ಜಿಯೇ.’”

ಹುಡುಗಿ ಮೆಲ್ಲಗೆ ನೀರಿಗೆ ಜಾರಿದಳು.

“ತನ್ನ ಬಗ್ಗೆ ಇಂಥದ್ದನ್ನ ಯಾವ ತಾಯಿ ಕಟ್ಟಿ ಹೇಳ್ತಾಳೆ, ಮಾಸ್ತರೆ?” ಎಂದ ಅಕ್ಕೋರು, ಹುಡುಗಿ ತೇರ್ಗಡೆಯಾದಳೆಂದು ಸಾರಿದರು.

ಕೇಳಬೇಕಾದವರೇ ಅಲ್ಲಿರಲಿಲ್ಲ. ತಾಯಿ ಆಗಲೇ ಮಗಳನ್ನು ಅಟ್ಟಿಸಿಕೊಂಡು ಮುಳುಗಿದ್ದಳು.