ಅತ್ತೆಯ ವಿಚಾರಣೆ

“ಹೊಟ್ಟಿ ನೋಯತೈತೇನ?”

ಒಲೆಯ ಮುಂದಿದ್ದ ಸಮೀನಾ ರೊಟ್ಟಿ ತಿರುವುತ್ತಲೇ ಇಲ್ಲವೆಂದು ತಲೆಯಾಡಿಸಿದಳು. ಅತ್ತೆ ಜೇಬುನ್ನೀಸಾ ಬಿಡಲಿಲ್ಲ. ಸೊಂಟ? ತಲೆಸುತ್ತು? ಮುಟ್ಟು ಹೆಚ್ಚಾಯಿತೆ? ಪೊಲೀಸರಾದರೂ ನಡುವೆ ಚಹಾ ಕುಡಿಯುತ್ತಾರೆ.

ಎರಡನೆಯ ಮಗಳಾದ ಮೇಲೆ ಸಮೀನಾ ಕಾಪರ್-ಟಿ ಹಾಕಿಸಿಕೊಂಡಿದ್ದಳು. ಗಂಡ ಜಹೀರನಿಗೆ ಮಾತ್ರ ಗೊತ್ತಿತ್ತು. ಆದರೆ ಬೈಕುಲ್ಲಾದ ಆ ಚಾಳಿನಲ್ಲಿ ಗುಟ್ಟು ಎಷ್ಟು ದಿನ ನಿಂತೀತು? ಆಸ್ಪತ್ರೆಯ ಸಾಲಿನಲ್ಲಿ ಅವಳನ್ನು ಕಂಡಿದ್ದ ಪಕ್ಕದ ಖೋಲಿಯ ಗುರುಬಾಯಿ ನಳದ ಹತ್ತಿರ ಎಲ್ಲರೆದುರು ಹೇಳಿಯೇಬಿಟ್ಟಳು: “ಅದು ಎದಿಗೇರತೈತಿ. ನಮ್ಮ ಅಕ್ಕನ ಸೊಸಿ ಸಾಯೂದೊಂದ ಬಾಕಿ ಇತ್ತು.” ಅಂದಿನಿಂದ ಚಾಳಿನ ಒಬ್ಬ ಹೆಂಗಸೂ ಆಸ್ಪತ್ರೆಯ ಕಡೆ ತಲೆಹಾಕಲಿಲ್ಲ. ಅತ್ತೆಯ ವಿಚಾರಣೆ ಶುರುವಾದದ್ದೂ ಅಂದಿನಿಂದಲೇ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಆ ಗಾದೆ ಕಟ್ಟಿದವರು ಒಂದೇ ಖೋಲಿಯಲ್ಲಿ ಸಂಸಾರ ಮಾಡಿದವರಲ್ಲ. ಸಮೀನಾಳಿಗೆ ಸಾಕುಸಾಕಾಗಿತ್ತು. ಬೆಳಗಾದರೆ ಹಿರಿಮಗಳಿಗೂ ಕಿರಿಯ ನಾದಿನಿಗೂ ಜಡೆ ಹಾಕಿ ಒಂದೇ ಬಾಲವಾಡಿಗೆ ಬಿಡಬೇಕು; ಬಂದು ಕೈಕೂಸಿಗೆ ಹಾಲೂಡಬೇಕು. ಇನ್ನೊಂದು ಬಸಿರೆಂದರೆ ಮೈ ನಡುಗುತ್ತಿತ್ತು. ಏಳು ಹೆತ್ತ ಅತ್ತೆಗೆ ಇದೆಲ್ಲ ಯಾವ ಲೆಕ್ಕ? ಅವಳಿಗೆ ಮೊಮ್ಮಗ ಬೇಕು, ಅದಕ್ಕೇ ತೆಗೆಸಲು ನೆಪ ಹುಡುಕುತ್ತಿದ್ದಾಳೆ.

ಒಂದು ಬೆಳಿಗ್ಗೆ ಜೇಬುನ್ನೀಸಾ ಬುರ್ಖಾ ತೊಟ್ಟು ನಿಂತಳು. “ನಡಿ, ಸಯನ್ ದವಾಖಾನಿಗೆ. ಜಹೀರಗ ಸುದ್ದಿ ಹತ್ತಬಾರದು.”

ಲೋಕಲ್‌ನಲ್ಲಿ ಇಬ್ಬರೂ ನಿಂತೇ ಹೋದರು. ದಾದರ್‌ನಲ್ಲಿ ಜನ ನುಗ್ಗಿದಾಗಲೂ ಅತ್ತೆ ಸೊಸೆಯ ಕೈ ಬಿಡಲಿಲ್ಲ. ಎಲ್ಲಿ ಇಳಿದು ಓಡಿಬಿಡುತ್ತಾಳೋ ಎಂಬ ಭಯವಿರಬೇಕು. ಹಿಡಿದ ಅಂಗೈ ಬೆವೆತು ಒದ್ದೆಯಾಗಿತ್ತು.

ಡಾಕ್ಟರ್ ಲಾವಣ್ಯಾ ಉಡುಪಿ ಕಡೆಯವರು. ಬೆಳಗಿನಿಂದ ರೋಗಿಗಳನ್ನು ನೋಡಿ ದಣಿದಿದ್ದರು. “ಎಂತ ತೊಂದರೆ?” ಎಂದರು.

ಸಮೀನಾ ಅತ್ತೇಬಿಟ್ಟಳು. “ತೆಗೀಬ್ಯಾಡ್ರಿ ಡಾಕ್ಟರ್. ನನಗ ಏನೂ ತ್ರಾಸಿಲ್ಲ. ಇನ್ನೊಂದು ಹೆರೂ ತಾಕತ್ತಿಲ್ಲ ನನಗ.”

“ಕೇಳಿದ್ರ್ಯಾ?” ಜೇಬುನ್ನೀಸಾ ಎದ್ದು ಪರದೆ ಎಳೆದಳು. “ನಾನೂ ದಿನಾ ಕೇಳಿ ನೋಡೀನ್ರಿ. ಖರೇನ ಇಕಿಗೆ ಏನೂ ಆಗಿಲ್ಲ.”

ಆಮೇಲೆ ಬುರ್ಖಾ ಬಿಚ್ಚಿ ಸೊಸೆಯ ಕೈಗಿತ್ತು, ತಪಾಸಣೆಯ ಮೇಜು ಹತ್ತಿದಳು.

“ನನಗೂ ಒಂದು ಹಾಕ್ರಿ.”